ತಂದೆಯ ಕಾಲಂನಲ್ಲಿ ‘ಗುಳೆ ಹೋಗಿದ್ದಾರೆ’ ಎಂದು ಬರೆದು ಕೈಬಿಡುವುದು ಇನ್ನೆಷ್ಟು ದಿನ?

ಚರ್ಚೆ ಆರಂಭಿಸಿದವರು: ಸಮಾಜ ಕಾರ್ಯಕರ್ತ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷಗಳಿಂದ ನಾನು ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಮಕ್ಕಳ ರಕ್ಷಣೆಯ ಕೆಲಸ ಮಾಡುತ್ತ ಬಂದಿದ್ದೇನೆ. ಮನೆ ಬಿಟ್ಟು ಬಂದವರು, ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದವರು, ಮದುವೆಯ ಹಂದರದಿಂದ ಎಬ್ಬಿಸಿಕೊಂಡು ಬಂದ ಹೆಣ್ಣುಮಕ್ಕಳು, ಹೀಗೆ ಬೇರೆ ಬೇರೆ ಕಾರಣಕ್ಕೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುವ ಮಕ್ಕಳ ಮನೆಯವರನ್ನು ಹುಡುಕಿ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಇಷ್ಟು ವರ್ಷವೂ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈ ಮಕ್ಕಳ ತಂದೆಯರನ್ನು ನಾವು ಯಾವಾಗ ಮಾತಾಡಿಸುತ್ತೇವೆ?

ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹನ್ನೊಂದು ವರ್ಷದ ಹುಡುಗನೊಬ್ಬ ರೈಲು ನಿಲ್ದಾಣದಲ್ಲಿ ಒಬ್ಬನೇ ಸಿಕ್ಕಿ, ಬಾಲಮಂದಿರವೊಂದಕ್ಕೆ ಸೇರಿದ. ತಾಯಿ ಕಾಯಿಲೆಯಿಂದ ತವರುಮನೆ ಸೇರಿದ್ದರು, ತಂದೆ ಪುಣೆಯಲ್ಲಿ ಗೌಂಡಿ ಕೆಲಸಕ್ಕಿದ್ದರು, ಹುಡುಗ ಅಜ್ಜಿಯ ಬಳಿ ಬೆಳೆಯುತ್ತಿದ್ದ. ಮಗುವಿನ ಮನೆಯ ಪರಿಸ್ಥಿತಿ ವಿಚಾರಿಸಿ ಸಮಿತಿಗೆ ಕೊಡುವ ಸಾಮಾಜಿಕ ತನಿಖಾ ವರದಿಯಲ್ಲಿ ತಾಯಿಯ ಬಗ್ಗೆ ಅರ್ಧ ಪುಟ ಇತ್ತು, ಅಜ್ಜಿಯ ಬಗ್ಗೆ ಕಾಲು ಪುಟ ಇತ್ತು. ತಂದೆಯ ಕಾಲಂನಲ್ಲಿ ಇದ್ದದ್ದು ಇಷ್ಟೇ: ‘ಗುಳೆ ಹೋಗಿದ್ದಾರೆ, ಸಂಪರ್ಕಕ್ಕೆ ಸಿಕ್ಕಿಲ್ಲ.’ ವರದಿ ಸಲ್ಲಿಕೆಯಾದ ನಾಲ್ಕನೇ ದಿನ, ಅಂದರೆ ಹುಡುಗ ಸಿಕ್ಕ ಹತ್ತೊಂಬತ್ತನೇ ದಿನ, ನಾನು ಅಜ್ಜಿಯ ಮನೆಗೆ ಹೋದೆ. ಆಕೆ ಎಲೆ ಅಡಿಕೆಯ ಸಂಚಿಯೊಳಗಿಂದ ಗುಂಡಿಯ ಫೋನೊಂದನ್ನು ತೆಗೆದು ನನ್ನ ಕೈಗಿಟ್ಟು, “ನನಗ ಓದಾಕ ಬರಂಗಿಲ್ರಿ. ಎರಡನೇ ಗುಂಡಿ ಒತ್ತಿ ಹಿಡೀರಿ, ನನ್ನ ಮಗ ಮಾತಾಡ್ತಾನ” ಎಂದರು. ಒತ್ತಿ ಹಿಡಿದೆ. ಕಾಂಕ್ರೀಟ್ ಕಲಸುವ ಯಂತ್ರದ ಸದ್ದಿನ ನಡುವೆ ಆತ ಫೋನು ಎತ್ತಿದ. ಮಗ ಸಿಕ್ಕಿದ್ದಾನೆ ಎಂದು ತಿಳಿದೊಡನೆ ಆತ ಕೇಳಿದ ಮೊದಲ ಮಾತು, “ಗುಳಿಗಿ ಕೊಡಾಕತ್ತೀರೇನ್ರಿ ಅವಗ?” ಎಂಬುದು.

ಹುಡುಗನಿಗೆ ಆರನೇ ವಯಸ್ಸಿನಿಂದ ಮೂರ್ಛೆರೋಗವಿತ್ತು. ಸೊಲ್ಲಾಪುರದ ಆಸ್ಪತ್ರೆಗೆ ಪ್ರತಿ ಸಲ ಕರೆದುಕೊಂಡು ಹೋಗುತ್ತಿದ್ದವರು ತಂದೆ. ಯಾವ ಗುಳಿಗೆ, ಎಷ್ಟು, ಯಾವ ಹೊತ್ತಿಗೆ ಎಂಬುದು ಸರಿಯಾಗಿ ಗೊತ್ತಿದ್ದದ್ದು ಅವರೊಬ್ಬರಿಗೇ. ಬಾಲಮಂದಿರದಲ್ಲಿ ಹುಡುಗನಿಗೆ ಎರಡು ಸಲ ಮೂರ್ಛೆ ಬಂದಿತ್ತು. ಹೊಸ ಜಾಗದ ಅಂಜಿಕೆ ಎಂದುಕೊಂಡಿದ್ದರು. ಮರುದಿನ ರೈಲಿಗೆ ಬಂದ ತಂದೆಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು. ಅದರಲ್ಲಿ ಐದು ವರ್ಷಗಳ ಆಸ್ಪತ್ರೆಯ ಚೀಟಿಗಳು, ಜೊತೆಗೆ ತಿಂಗಳು ತಿಂಗಳು ತಾಯಿಗೆ ಹಣ ಕಳಿಸಿದ ರಶೀದಿಗಳು, ರಬ್ಬರ್ ಹಾಕಿ ಸುತ್ತಿಟ್ಟಿದ್ದವು. ಅವನ್ನು ಮೇಜಿನ ಮೇಲಿಟ್ಟು ಆತ ಹೇಳಿದ್ದು, “ಯಾರೂ ನನ್ನ ಕೇಳಿಲ್ರಿ ಸಾಹೇಬ್ರ.”

ಇದನ್ನು ಒಬ್ಬ ಸಿಬ್ಬಂದಿಯ ನಿರ್ಲಕ್ಷ್ಯ ಎಂದು ಮುಗಿಸಿಬಿಡಲು ನನಗೆ ಮನಸ್ಸಾಗುವುದಿಲ್ಲ. ನಮ್ಮ ಇಡೀ ಕುಟುಂಬ ಸೇವೆಯೇ ತಾಯಿಯ ಸುತ್ತ ಕಟ್ಟಿಕೊಂಡಿದೆ. ಗರ್ಭಿಣಿಯಾದಾಗ ಕೈಗೆ ಸಿಗುವ ಮೊದಲ ದಾಖಲೆಯ ಹೆಸರೇ ತಾಯಿ ಕಾರ್ಡ್. ಅಂಗನವಾಡಿಯಲ್ಲಿ ನಡೆಯುವುದು ತಾಯಂದಿರ ಸಭೆ. ಹೆಣ್ಣುಮಕ್ಕಳ ಮೇಲೆ ಬಿದ್ದ ಭಾರವನ್ನು ಇಳಿಸಲೆಂದೇ ಇವೆಲ್ಲ ಬಂದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗುವಿಗೆ ಸಂಬಂಧಿಸಿದ ಪ್ರತಿಯೊಂದು ಪ್ರಶ್ನೆಗೂ ತಾಯಿಯೇ ಉತ್ತರ ಕೊಡಬೇಕು ಎಂಬ ರೂಢಿಯಿಂದ ಆಕೆಯ ಭಾರ ಹೆಚ್ಚಿದೆಯೇ ಹೊರತು ಇಳಿದಿಲ್ಲ. ಮಗು ಸೊರಗಿದರೆ ಆಕೆಯನ್ನೇ ಕೇಳುತ್ತೇವೆ. ಶಾಲೆ ತಪ್ಪಿದರೂ ಆಕೆಯನ್ನೇ. ತಂದೆಯನ್ನು ಕರೆಯುವುದು ಬಾಲ್ಯವಿವಾಹ ತಡೆದಾಗ ಮುಚ್ಚಳಿಕೆ ಬರೆಸಿಕೊಳ್ಳಲು, ಇಲ್ಲವೇ ಠಾಣೆಯಲ್ಲಿ ನಿಲ್ಲಿಸಲು.

ತಂದೆಯನ್ನು ನೋಡದೆ ಇರುವುದರಿಂದ ಎರಡೂ ಕಡೆ ನಷ್ಟವಿದೆ. ಆತ ಮಗುವಿಗೆ ಆಸರೆಯಾಗಬಲ್ಲವನಾಗಿದ್ದರೆ ಆ ಆಸರೆ ಕಡತಕ್ಕೆ ಬರುವುದಿಲ್ಲ. ಆತನಿಂದಲೇ ಮಗುವಿಗೆ ಅಪಾಯವಿದ್ದರೆ ಆ ಅಪಾಯವೂ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಒಂದು ವರ್ಷದೊಳಗಿನ ಶಿಶುಗಳಿಗೆ ಮನೆಯ ಗಂಡಸರಿಂದಾದ ಗಾಯಗಳ ಪ್ರಕರಣಗಳನ್ನು ಪರಿಶೀಲಿಸಿ 2021ರಲ್ಲಿ ಬಂದ ರಾಷ್ಟ್ರೀಯ ಮಟ್ಟದ ವರದಿಯೊಂದು ಇದೇ ಮಾತನ್ನು ಎತ್ತಿತ್ತು: ಆರೋಗ್ಯ ಮತ್ತು ಮಕ್ಕಳ ಸೇವೆಯವರು ತಾಯಿಯ ಜೊತೆಗಷ್ಟೇ ವ್ಯವಹರಿಸುತ್ತ, ಅದೇ ಮನೆಯಲ್ಲಿದ್ದ ಗಂಡಸರ ಬಗ್ಗೆ ಸರಿಯಾಗಿ ವಿಚಾರಿಸಿರಲಿಲ್ಲ. ನಮ್ಮ ಕಡೆ ಇದಕ್ಕೆ ಗುಳೆಯೂ ಸೇರಿಕೊಂಡಿದೆ. ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿನ ಕಟ್ಟಡಗಳಲ್ಲಿ ದುಡಿಯುವ ತಂದೆ ಊರಲ್ಲಿಲ್ಲ ಎಂದಮಾತ್ರಕ್ಕೆ ಮಗುವಿನ ಬದುಕಿನಲ್ಲೂ ಇಲ್ಲ ಎಂದು ಬರೆದುಬಿಡುವುದು ಅನ್ಯಾಯ.

ಈ ಕ್ಷೇತ್ರದಲ್ಲಿ ದುಡಿಯುವವರು, ತಂದೆತಾಯಿಯರು, ಕಾನೂನು ಬಲ್ಲವರು ನಿಮ್ಮ ಅನುಭವ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಅಂಗನವಾಡಿ ಕಾರ್ಯಕರ್ತೆ, ಸುರಪುರ ತಾಲ್ಲೂಕು

ಸರ್, ಓದಿ ಮನಸ್ಸಿಗೆ ಬಹಳ ಸಂಕಟವಾಯಿತು, ಏಕೆಂದರೆ ನಾನೂ ಹಾಗೆ ಬರೆದವಳೇ. ಮನೆ ಭೇಟಿಗೆ ಹೋದಾಗ ಗಂಡಸರು ಕಟ್ಟೆಯ ಮೇಲೆ ಕೂತಿದ್ದರೂ ಅವರನ್ನು ದಾಟಿ ಒಳಗೆ ಹೋಗಿ, ಒಲೆ ಮುಂದಿದ್ದ ತಾಯಿಯನ್ನೇ ಮಗುವಿನ ತೂಕ, ಊಟ, ಲಸಿಕೆ ಎಲ್ಲವನ್ನೂ ಕೇಳಿ ಬರುತ್ತಿದ್ದೆ. ಗಂಡಸರೊಂದಿಗೆ ಮಾತಾಡಿದರೆ ಊರವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಕೇಂದ್ರದಲ್ಲಿ ತೀವ್ರ ಅಪೌಷ್ಟಿಕತೆಯ ಮಗುವೊಂದಿತ್ತು. ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿ ಎಂದು ತಾಯಿಗೆ ಐದಾರು ಸಲ ಹೇಳಿದರೂ ಆಕೆ ತಲೆ ಬಗ್ಗಿಸಿ ನಿಲ್ಲುತ್ತಿದ್ದಳು. ಅಲ್ಲಿ ಹದಿನಾಲ್ಕು ದಿನ ಇರಬೇಕು, ಮನೆಯಲ್ಲಿ ಇನ್ನೂ ಇಬ್ಬರು ಮಕ್ಕಳು, ಒಂದು ಎಮ್ಮೆ. ಹೋಗುವ ನಿರ್ಧಾರ ಆಕೆಯ ಕೈಯಲ್ಲಿರಲಿಲ್ಲ. ಕೊನೆಗೆ ಒಂದು ಸೋಮವಾರ ಆಕೆಯ ಗಂಡನನ್ನು ಮಾತಾಡಿಸಿದೆ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಗಂಡಸರು ಮನೆಯಲ್ಲಿ ಸಿಗುತ್ತಾರೆ. ಮಗುವಿನ ತೋಳಿಗೆ ಅಳತೆಯ ಪಟ್ಟಿ ಸುತ್ತಿ, ಅದು ಕೆಂಪು ಬಣ್ಣದಲ್ಲಿ ನಿಂತದ್ದನ್ನು ಆತನಿಗೇ ತೋರಿಸಿದೆ. ಆತ ಪಟ್ಟಿಯನ್ನು ತಾನೇ ಇನ್ನೊಮ್ಮೆ ಸುತ್ತಿ ನೋಡಿದ, ಆಮೇಲೆ ದೊಡ್ಡ ಮಗನ ತೋಳಿಗೂ ಸುತ್ತಿ ನೋಡಿದ. ಗುರುವಾರ ತಾಯಿ ಮಗು ಇಬ್ಬರೂ ಆಸ್ಪತ್ರೆಯಲ್ಲಿದ್ದರು; ಎಮ್ಮೆ, ಮಕ್ಕಳು, ಅಡುಗೆ ಎಲ್ಲವನ್ನೂ ಆತನೇ ನೋಡಿಕೊಂಡ.

ಅಂದಿನಿಂದ ಸೋಮವಾರ ತಪ್ಪಿಸುವುದಿಲ್ಲ. ದುಡಿಯಲು ಹೋದವರು ಎಳ್ಳ ಅಮಾವಾಸ್ಯೆಗೆ, ಯುಗಾದಿಗೆ ಊರಿಗೆ ಬರುತ್ತಾರೆ; ಚರಗ ಚೆಲ್ಲಿ ಹೊಲದಿಂದ ಬಂದ ಸಂಜೆ ಅವರನ್ನು ಅರ್ಧ ತಾಸು ಕೂರಿಸಿದರೂ ಸಾಕು. ನಮ್ಮ ಸಭೆಗಳೆಲ್ಲ ಹಗಲು ಹನ್ನೊಂದಕ್ಕೆ ಇಟ್ಟರೆ ಅವರು ಬರುವುದಾದರೂ ಹೇಗೆ?

ಗೌಂಡಿ, ಆಳಂದ ತಾಲ್ಲೂಕಿನವನು, ಈಗ ಪುಣೆಯಲ್ಲಿ

ಅಣ್ಣಾವ್ರೇ, ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಮಗಳಿಗೆ ಒಂಬತ್ತು, ಮಗನಿಗೆ ಆರು. ಮೊದಲ ವರ್ಷ ಇಬ್ಬರನ್ನೂ ಜೊತೆಗೆ ಕರೆದುಕೊಂಡು ಬಂದಿದ್ದೆ. ತಗಡಿನ ಶೆಡ್ಡಿನಲ್ಲಿ ಮಗಳನ್ನು ಒಬ್ಬಳೇ ಬಿಟ್ಟು ಐದನೇ ಅಂತಸ್ತಿನಲ್ಲಿ ಗಿಲಾವು ಮಾಡುವಾಗ ಕೈ ಕೆಲಸದ ಮೇಲಿದ್ದರೂ ಕಣ್ಣು ಕೆಳಗೇ ಇರುತ್ತಿತ್ತು. ಇಲ್ಲಿಯ ಶಾಲೆಯಲ್ಲಿ ಮರಾಠಿ. ಮಗಳು ಮೂರು ತಿಂಗಳು ಹೋಗಿ ಬಿಟ್ಟಳು. ಈಗ ಇಬ್ಬರೂ ನನ್ನ ಅವ್ವನ ಬಳಿ ಇದ್ದಾರೆ. ಅವ್ವನಿಗೆ ಕಣ್ಣು ಮಂಜು.

ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು “ತಾಯಿ ಬಂದಿಲ್ಲೇನು?” ಎಂದು. ವಿಧವೆಯರ ಮಕ್ಕಳಿಗೆ ತಿಂಗಳಿಗೆ ಹಣ ಬರುವ ಯೋಜನೆ ಇದೆ ಎಂದು ಊರಲ್ಲಿ ಹೇಳಿದರು. ನಾನು ಕೇಳಿದ ಕಡೆ, ಹೆಂಡತಿ ಸತ್ತ ಗಂಡಸಿಗೆ ಅದು ಬರುವುದಿಲ್ಲ, ಇನ್ನೊಂದು ಮದುವೆ ಮಾಡಿಕೊ ಎಂದು ಕಳಿಸಿದರು. ನನಗೆ ಹಣವೇ ಬೇಕೆಂದಿಲ್ಲ. ನಾನು ಇಲ್ಲಿಂದಲೇ ನನ್ನ ಮಕ್ಕಳ ವಿಷಯವನ್ನು ಯಾರಿಗೆ ಕೇಳಬೇಕು, ಯಾರು ನನಗೆ ಹೇಳುತ್ತಾರೆ, ಅದಷ್ಟು ತಿಳಿದರೆ ಸಾಕು.

ವಕೀಲ, ಬೀದರ್

ಆಳಂದದ ಸಹೋದರರಿಗೆ ಮೊದಲು ಉತ್ತರಿಸುತ್ತೇನೆ. ನೀವು ಕೇಳಿದ್ದು ಪ್ರಾಯೋಜಕತ್ವ ಯೋಜನೆ. 2015ರ ಬಾಲನ್ಯಾಯ ಕಾಯ್ದೆಯ 45ನೇ ಕಲಮು ಅದಕ್ಕೆ ಆಧಾರ; ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಅಡಿಯಲ್ಲಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ಗ್ರಾಮೀಣ ಕುಟುಂಬಕ್ಕೆ ವಾರ್ಷಿಕ ಆದಾಯದ ಮಿತಿ 72,000 ರೂಪಾಯಿ. ಆ ಕಲಮಿನಲ್ಲಿ ತಾಯಿ ವಿಧವೆಯಾಗಿದ್ದರೆ, ವಿಚ್ಛೇದಿತೆಯಾಗಿದ್ದರೆ, ಕುಟುಂಬ ಕೈಬಿಟ್ಟವಳಾಗಿದ್ದರೆ ಎಂಬುದು ಮೊದಲು ಬರುತ್ತದೆ. ಬಂಧುಗಳ ಜೊತೆಗಿರುವ ಅನಾಥ ಮಕ್ಕಳು, ಜೀವಕ್ಕೆ ಎರವಾಗುವ ರೋಗ ಇರುವ ಪೋಷಕರು, ಅಪಘಾತದಿಂದ ದುಡಿಯಲಾರದೆ ಮಕ್ಕಳನ್ನು ನೋಡಿಕೊಳ್ಳಲಾರದ ಪೋಷಕರು ನಂತರ ಬರುತ್ತಾರೆ. ಹೆಂಡತಿ ತೀರಿಕೊಂಡ ಗಂಡಸಿನ ಹೆಸರು ಅಲ್ಲಿ ಪ್ರತ್ಯೇಕವಾಗಿ ಇಲ್ಲ ಎಂಬುದು ನಿಜ. ಆದರೆ ಕಾಯ್ದೆ ಬಳಸಿದ ಮಾತು ‘ಇವುಗಳನ್ನು ಒಳಗೊಂಡಿರತಕ್ಕದ್ದು’ ಎಂಬರ್ಥದ್ದು, ‘ಇವು ಮಾತ್ರ’ ಎಂದಲ್ಲ. ಆದ್ದರಿಂದ ಬಾಯಿಮಾತಿನಲ್ಲಿ ಇಲ್ಲ ಎಂದರೆ ಹಿಂತಿರುಗಬೇಡಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಡುವುದಿಲ್ಲ ಎಂದಾದರೆ ಕಾರಣವನ್ನೂ ಬರಹದಲ್ಲೇ ಕೇಳಿರಿ.

ಇನ್ನು ಮೂಲ ವಿಷಯ. ಕಾನೂನು ತಂದೆಯನ್ನು ಮರೆತಿಲ್ಲ, ಒಂದು ಕಾಲಕ್ಕೆ ಆತನನ್ನೇ ಮುಂದೆ ಇಟ್ಟಿತ್ತು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಮಿನಲ್ಲಿ ಸಹಜ ಪೋಷಕ ಎಂದರೆ ತಂದೆ, ಆತನ ‘ನಂತರ’ ತಾಯಿ ಎಂದಿದೆ. ಆ ‘ನಂತರ’ ಎಂದರೆ ಆತ ಸತ್ತ ಮೇಲೆ ಮಾತ್ರವಲ್ಲ, ಆತನ ಗೈರುಹಾಜರಿಯಲ್ಲಿ ಎಂದೂ ಓದಬೇಕು ಎಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿತು. ನಮ್ಮ ಭಾಗದಲ್ಲಿ ಹೆಚ್ಚಾಗಿ ಅನ್ವಯವಾಗುವ ಹನಫಿ ಮುಸ್ಲಿಂ ಕಾನೂನಿನಲ್ಲೂ ಎಳೆಯ ಮಕ್ಕಳ ಪಾಲನೆಯ ಹಕ್ಕು, ಅಂದರೆ ಹಿಜಾನತ್, ತಾಯಿಗೆ, ಪೋಷಕತ್ವ ತಂದೆಗೆ. ಹೀಗೆ ಕಾಗದದ ಮೇಲೆ ಅಧಿಕಾರ ತಂದೆಯದು, ಅಂಗಳದಲ್ಲಿ ದುಡಿತ ತಾಯಿಯದು. ಕಚೇರಿಗಳು ಈ ಹಂಚಿಕೆಯನ್ನೇ ಮುಂದುವರಿಸಿ, ಸಹಿಗೆ ಆತನನ್ನೂ ಉಳಿದೆಲ್ಲಕ್ಕೂ ಆಕೆಯನ್ನೂ ಕರೆಯುತ್ತವೆ.

ಬಾಲನ್ಯಾಯ ಕಾಯ್ದೆ ಹಾಗೆ ಹೇಳುವುದಿಲ್ಲ. ಅದರ 3ನೇ ಕಲಮಿನ ಕುಟುಂಬ ಹೊಣೆಗಾರಿಕೆಯ ತತ್ವದಲ್ಲಿ ತಾಯಿ ಬೇರೆ, ತಂದೆ ಬೇರೆ ಎಂಬ ಭೇದವಿಲ್ಲ. 36ನೇ ಕಲಮಿನಂತೆ ಸಾಮಾಜಿಕ ತನಿಖೆ ಹದಿನೈದು ದಿನಗಳಲ್ಲಿ ಮುಗಿಯಬೇಕು, ಸಮಿತಿಯ ಅಂತಿಮ ಆದೇಶ ನಾಲ್ಕು ತಿಂಗಳೊಳಗೆ ಬರಬೇಕು. ಆ ತನಿಖೆಯ ನಮೂನೆ 22ರಲ್ಲಿ ಕುಟುಂಬದ ಪ್ರತಿಯೊಬ್ಬರ ವಿವರಕ್ಕೂ ಜಾಗವಿದೆ. ಕಾಲಂ ಇದೆ ಎಂದಮೇಲೆ ಅದನ್ನು ತುಂಬಲು ಪುಣೆಗೆ ಒಂದು ಫೋನು ಮಾಡಬಾರದೆಂದು ಯಾವ ನಿಯಮವೂ ಹೇಳಿಲ್ಲ.

ಆಪ್ತ ಸಮಾಲೋಚಕಿ, ಕಲಬುರಗಿ

ಚರ್ಚೆ ಆರಂಭಿಸಿದವರ ಕಾಳಜಿಯನ್ನು ಗೌರವಿಸುತ್ತಲೇ ಒಂದು ಎಚ್ಚರಿಕೆಯನ್ನು ಹೇಳಲೇಬೇಕಾಗಿದೆ. ನಾನು ಕೆಲಸ ಮಾಡುವುದು ಹೊಡೆತ ತಿಂದು ಮನೆ ಬಿಟ್ಟು ಬಂದ ಹೆಣ್ಣುಮಕ್ಕಳ ಜೊತೆ. ‘ತಂದೆಯನ್ನೂ ಕರೆಯಿರಿ’ ಎಂಬ ಒಳ್ಳೆಯ ಮಾತು ತಪ್ಪು ಜಾಗದಲ್ಲಿ ಜಾರಿಯಾದರೆ ಏನಾಗುತ್ತದೆ ಎಂಬುದನ್ನು ಕಂಡಿದ್ದೇನೆ. ಮಗುವಿನ ವಿಚಾರಣೆಗೆಂದು ಇಬ್ಬರಿಗೂ ಒಂದೇ ದಿನ, ಒಂದೇ ಹೊತ್ತಿಗೆ ಬರಹೇಳಿದ್ದರು. ಹೊರಗೆ ಇದ್ದದ್ದು ಒಂದೇ ಬೆಂಚು. ಆತ ಆಕೆಯ ಪಕ್ಕದಲ್ಲಿ ಕೂತು ಒಂದೂ ಮಾತಾಡದೆ ಮೀಸೆ ತಿರುವುತ್ತಿದ್ದ; ಒಳಗೆ ಹೋದಾಗ ಆಕೆ ಎಲ್ಲಕ್ಕೂ “ಏನೂ ಆಗಿಲ್ರಿ, ಹೊಂದ್ಕೊಂಡ ಹೋಗ್ತೀನ್ರಿ” ಎಂದಳು. ಎಂಟು ವರ್ಷದ ಮಗ ತಾಯಿಯ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದ. ಆ ದಿನದ ಕಡತದಲ್ಲಿ ‘ತಂದೆ ಸಹಕರಿಸಿದ್ದಾರೆ’ ಎಂದೇ ಬರೆದಿರಬೇಕು.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೇ ಕಲಮಿನಂತೆ ಮಗುವಿನ ತಾತ್ಕಾಲಿಕ ಸುಪರ್ದಿಯನ್ನು ತಾಯಿಗೆ ಕೊಡಲು, ತಂದೆಯ ಭೇಟಿಯಿಂದ ಮಗುವಿಗೆ ಕೇಡಿದ್ದರೆ ಅದನ್ನು ನಿರಾಕರಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಆದ್ದರಿಂದ ತಂದೆಗೆ ಫೋನು ಮಾಡುವ ಮುನ್ನ ತಾಯಿಯನ್ನೂ ಮಗುವನ್ನೂ ಬೇರೆ ಬೇರೆ ಕೂರಿಸಿ ಕೇಳಿರಿ. ಅವರು ಈಗ ಎಲ್ಲಿದ್ದಾರೆ ಎಂಬುದನ್ನು ಆತನಿಗೆ ಹೇಳಬೇಡಿ. ಇಬ್ಬರಿಗೂ ಬೇರೆ ದಿನ ಕೊಡಿ.

ಇನ್ನೊಂದು ಮಾತು. ನಮ್ಮ ಭಾಗದಲ್ಲಿ ಮಾಜಿ ದೇವದಾಸಿ ತಾಯಂದಿರ ಮಕ್ಕಳು ಇದ್ದಾರೆ. ಕರ್ನಾಟಕದಲ್ಲಿ 1982ರ ಕಾಯ್ದೆ ಆ ಪದ್ಧತಿಯನ್ನು ನಿಷೇಧಿಸಿದರೂ, ತಂದೆಯ ಹೆಸರಿನ ಕಾಲಂ ಬಂದಾಗ ಆ ಮಕ್ಕಳು ತರಗತಿಯಲ್ಲಿ ತಲೆ ತಗ್ಗಿಸಿದ್ದನ್ನು ನೋಡಿದ್ದೇನೆ. ತಂದೆಯನ್ನು ಒಳಗೊಳ್ಳುವ ಉತ್ಸಾಹದಲ್ಲಿ ಆ ಕಾಲಮನ್ನು ಕಡ್ಡಾಯ ಮಾಡಿ ಅವರಿಗೆ ಮತ್ತೆ ನೋವು ಕೊಡಬಾರದು.

ಸಮಾಜ ಕಾರ್ಯಕರ್ತ, ಕಲಬುರಗಿ

ಮೇಡಂ, ನೀವು ಹೇಳಿದ ಬೆಂಚಿನ ಮಾತು ನನ್ನ ಬರಹದಲ್ಲಿ ಇರಬೇಕಾಗಿತ್ತು. ಇರಲಿಲ್ಲ, ಅದು ನನ್ನ ಕೊರತೆ. ತಂದೆಯನ್ನು ವಿಚಾರಿಸುವುದು ಎಂದರೆ ಮಗುವನ್ನು ತಂದೆಗೆ ಒಪ್ಪಿಸುವುದಲ್ಲ ಎಂಬುದನ್ನು ನಾನು ಇನ್ನೂ ಬಿಡಿಸಿ ಹೇಳಬೇಕಿತ್ತು. ಆದರೆ ನೀವು ಹೇಳಿದ ಪ್ರಕರಣದಲ್ಲೂ ಆತನನ್ನು ಕರೆದರೇ ಹೊರತು ವಿಚಾರಿಸಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಕುಡಿತ, ಸಾಲ, ಹಿಂದಿನ ದೂರು, ಆತ ಮನೆಯಲ್ಲಿರುವಾಗ ಮಗು ಎಲ್ಲಿ ಮಲಗುತ್ತದೆ, ಇವನ್ನು ನೆರೆಯವರಿಂದಲೂ ಶಾಲೆಯಿಂದಲೂ ತಿಳಿದು ಬರೆದಿದ್ದರೆ ಸಮಿತಿಯವರು ‘ಸಹಕರಿಸಿದ್ದಾರೆ’ ಎಂಬ ಒಂದು ಮಾತನ್ನು ನಂಬಿ ಕೂರಬೇಕಾಗಿರಲಿಲ್ಲ. ತಾಯಿ ಮತ್ತು ಮಗುವನ್ನು ಮೊದಲು, ಬೇರೆಯಾಗಿ, ಸುರಕ್ಷಿತವಾಗಿ ಕೇಳಬೇಕು, ಆಮೇಲೆ ಆತನನ್ನು. ಈ ಕ್ರಮವನ್ನು ಒಪ್ಪುತ್ತೇನೆ. ದೇವದಾಸಿ ತಾಯಂದಿರ ಮಕ್ಕಳ ವಿಷಯದಲ್ಲಿಯೂ ನಿಮ್ಮ ಮಾತೇ ಸರಿ.

ಪ್ರೌಢಶಾಲಾ ಶಿಕ್ಷಕಿ, ಶಹಾಪುರ

ಮುಚ್ಚಳಿಕೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಒಂಬತ್ತನೇ ತರಗತಿಯ ನನ್ನ ವಿದ್ಯಾರ್ಥಿನಿಯ ಮದುವೆ ಗೊತ್ತಾಗಿತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಯಿತು, ಅಧಿಕಾರಿಗಳು ಬಂದರು, ತಂದೆಯಿಂದ ಮುಚ್ಚಳಿಕೆ ಬರೆಸಿಕೊಂಡರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಓದಿ ಹೇಳಿದರು. ಆತ ಹೆಬ್ಬೆಟ್ಟು ಒತ್ತಿದ. ಎಲ್ಲರೂ ಹೋದ ಮೇಲೆ ಶಾಲೆಯ ಬೇವಿನ ಮರದ ಕೆಳಗೆ ಕೂತಿದ್ದವನ ಬಳಿ ನಾನು ಹೋದೆ. “ಟೀಚರ್ರ, ನಾವು ಗಂಡ ಹೆಂಡ್ತಿ ಇಬ್ಬರೂ ಬೆಂಗ್ಳೂರಿಗಿ ಹೊಂಟೀವಿ. ವಯಸ್ಸಿಗೆ ಬಂದ ಮಗಳನ್ನ ಯಾರ ಕಾವಲಿಗಿ ಬಿಡ್ಲಿ ಹೇಳ್ರಿ?” ಎಂದ. ಅಷ್ಟು ಹೊತ್ತೂ ಮದುವೆ ಏಕೆ ಮಾಡುತ್ತಿದ್ದಾನೆ ಎಂದು ಆತನನ್ನು ಯಾರೂ ಕೇಳಿರಲಿಲ್ಲ.

ಆತನಿಗೆ ಬೇಕಾಗಿದ್ದದ್ದು ವಿದ್ಯಾರ್ಥಿನಿಲಯದ ಒಂದು ಸೀಟು. ಮುಖ್ಯೋಪಾಧ್ಯಾಯರು ಓಡಾಡಿ ಬಾಲಕಿಯರ ನಿಲಯದಲ್ಲಿ ಸೀಟು ಕೊಡಿಸಿದರು. ಮನೆಯವರು ಎಂದು ಯಾರಿಗೆ ಫೋನು ಮಾಡಬೇಕು ಎಂದು ಅಲ್ಲಿ ಕೇಳಿದಾಗ ಆತ ತನ್ನ ನಂಬರನ್ನೇ ಬರೆಸಿದ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ 52ರಷ್ಟೂ ಇರಲಿಲ್ಲ, ರಾಜ್ಯದಲ್ಲೇ ಕಡಿಮೆ. ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದದಲ್ಲಿ ಏನಿದೆ ಎಂಬುದು ಅದನ್ನು ಒತ್ತಿದವನಿಗೆ ಎಷ್ಟು ತಿಳಿದಿರುತ್ತದೆ ಎಂಬುದನ್ನು ನಾವು ಯೋಚಿಸಬೇಕು. ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ.

ಗೌಂಡಿ, ಪುಣೆ

ವಕೀಲ ಸಾಹೇಬರಿಗೆ ಶರಣು. ಬರುವ ಭಾನುವಾರ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಹತ್ತುತ್ತೇನೆ, ಸೋಮವಾರ ಕಲಬುರಗಿಯಲ್ಲಿ ಇರುತ್ತೇನೆ. ಮತ್ತೆ ಮತ್ತೆ ರಜೆ ಸಿಗುವುದಿಲ್ಲ, ಒಂದು ದಿನದ ಪಗಾರವೂ ಹೋಗುತ್ತದೆ. ಯಾವ ಯಾವ ಕಾಗದ ತರಬೇಕು ಎಂದು ಒಮ್ಮೆಗೇ ಹೇಳಿರಿ.

ಸಮಾಜ ಕಾರ್ಯಕರ್ತ, ಕಲಬುರಗಿ

ತಮ್ಮಾ, ಹೆಂಡತಿಯ ಮರಣ ಪ್ರಮಾಣಪತ್ರ, ರೇಷನ್ ಕಾರ್ಡು, ಆದಾಯ ಪ್ರಮಾಣಪತ್ರ, ಇಬ್ಬರು ಮಕ್ಕಳ ಆಧಾರ್ ಮತ್ತು ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಮಕ್ಕಳ ಹೆಸರಿನ ಬ್ಯಾಂಕ್ ಪಾಸ್‌ಬುಕ್ ಇದ್ದರೆ ಅದು, ಇಷ್ಟು ತನ್ನಿರಿ. ಅವ್ವನ ಕಣ್ಣಿನ ಚೀಟಿ ಇದ್ದರೆ ಅದನ್ನೂ ತನ್ನಿರಿ. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬರೆಯುವಾಗ ಅದು ಬೇಕಾಗುತ್ತದೆ. ಸಾಧ್ಯವಾದರೆ ಅವ್ವನನ್ನೂ ಮಕ್ಕಳನ್ನೂ ಕರೆದುಕೊಂಡು ಬನ್ನಿರಿ. ನಾನು ಬೆಳಿಗ್ಗೆ ಹತ್ತಕ್ಕೆ ರಕ್ಷಣಾ ಘಟಕದ ಬಾಗಿಲಲ್ಲಿ ಇರುತ್ತೇನೆ. ಅರ್ಜಿಯನ್ನು ಅಲ್ಲಿಯೇ ಕೂತು ಬರೆಯೋಣ, ಫೋನ್ ನಂಬರಿನ ಜಾಗದಲ್ಲಿ ನಿಮ್ಮದನ್ನೇ ಬರೆಯೋಣ.